ತುಂಬಿದ ಮನೆಗೆ ತಕ್ಕ ಬಂಡಿ

ಗೃಹಸ್ಥರ ಕಟ್ಟೆ



ಪ್ರತಿ ತಿಂಗಳೂ ನಮ್ಮ ಈ ಕಟ್ಟೆಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಅಡಿಗೆ, ಆರೋಗ್ಯ, ಮಕ್ಕಳ ಓದು, ಸಾಲ-ಸೋಲ ಇವುಗಳಿಗೆ ಸಂಬಂಧಪಟ್ಟಿರುತ್ತವೆ. ಈ ಸಾರೆ ಬಂದ ಪತ್ರವೊಂದು ಮೇಲಿಂದ ನೋಡಿದರೆ ಗಾಡಿಯ ಪ್ರಶ್ನೆಯಂತೆ ಕಾಣುತ್ತದೆ. ಒಳಹೊಕ್ಕು ಓದಿದರೆ ಅದು ಮನೆಯ ಪ್ರಶ್ನೆಯೇ ಆಗಿದೆ. ಆದಕಾರಣ ಈ ತಿಂಗಳ ಕಟ್ಟೆಯನ್ನೆಲ್ಲ ಅದಕ್ಕೇ ಮೀಸಲಿಟ್ಟಿದ್ದೇನೆ.

ಪತ್ರ ಬರೆದವರು ಬೈಲಹೊಂಗಲದ ಕಡೆಯ ಒಬ್ಬ ಒಕ್ಕಲಿಗ ಗೃಹಸ್ಥರು. ಮನೆಯಲ್ಲಿ ಒಟ್ಟು ೧೪ ಮಂದಿ. ೭೬ ವರುಷದ ತಾಯಿ, ಮೂವರು ಅಣ್ಣತಮ್ಮಂದಿರು, ಅವರ ಮಡದಿಯರು, ಗಂಡನನ್ನು ಕಳಕೊಂಡು ತವರಿಗೆ ಬಂದ ಒಬ್ಬ ಅಕ್ಕ, ಆರು ಮಂದಿ ಮಕ್ಕಳು. ಕಿರಿಯ ಸೊಸೆಗೆ ಈಗ ಐದು ತಿಂಗಳು. ಬರುವ ಭರತ ಹುಣ್ಣಿವೆಗೆ ಎಲ್ಲರೂ ಕೂಡಿಯೇ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿ, ನಾಲ್ಕು ದಿನ ಇದ್ದು, ಪರಡಿ ತುಂಬಿಸಿಕೊಂಡು ಬರಬೇಕೆಂದು ತಾಯಿಯ ಹಟ. “ಮನಿ ಮಂದಿ ಎಲ್ಲಾ ಒಂದ ಬಂಡ್ಯಾಗ ಕುಂತು ಹೋಗಿ ಹನ್ನೆರಡು ವರ್ಷ ಆತು. ಇನ್ನೊಮ್ಮೆ ಹಂಗ ಹೋಗಿ ಬಂದ್ರ ಸಾಕು, ಆಮ್ಯಾಲೆ ನಿಮ್ಮ ಪಾಲಾ ನೀವು ಮಾಡ್ಕೋರಿ” ಎಂದು ಆ ತಾಯಿ ಅಂದಳಂತೆ. ಹೊಲವನ್ನು ಪಾಲು ಮಾಡಿಕೊಳ್ಳುವ ಮಾತು ಆ ಮನೆಯಲ್ಲಿ ಒಂದು ವರುಷದಿಂದ ನಡೆದಿದೆ ಎಂಬದನ್ನು ಪತ್ರಕರ್ತರು ಮರೆಮಾಚಿಲ್ಲ.

ಹಳೆಯ ಕೊಲ್ಲಾರಿ ಬಂಡಿಯನ್ನೂ ಎತ್ತುಗಳನ್ನೂ ಮಾರಿ ಬಹಳ ದಿನಗಳಾದವು. ಈಗ ಬಂಡಿಯ ಬದಲು ಏನು? ಮೂವರಿಗೂ ಮೂರು ದಾರಿ. ನಡುವಿನ ತಮ್ಮನು “ನಮ್ಮ ಟ್ರ್ಯಾಕ್ಟರ ಐತಿ, ಟ್ರೇಲರಿಗೆ ತಾಡಪತ್ರಿ ಕಟ್ಟಿದರ ಮುಗೀತು” ಎನ್ನುವನು. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಕಿರಿಯ ತಮ್ಮನು, ಒಳಗೆ ಹಾಸಿಗೆ, ಒಲೆ, ಶೌಚಗೃಹಗಳೆಲ್ಲ ಇರುವ ‘ಕಾರವಾನ್’ ಎಂಬ ಮೋಟಾರು ಮನೆಯನ್ನು ಬಾಡಿಗೆಗೆ ತರುವೆನೆನ್ನುವನು. ಪತ್ರ ಬರೆದ ಹಿರಿಯರಿಗೆ ಹಳೆಯ ವ್ಯಾನೊಂದನ್ನು ಕೊಂಡು, ಊರ ಬಡಿಗನಿಂದ ಒಳಗೆ ಮನೆಯಂತೆ ಮಾಡಿಸಿ, ವರುಷ ವರುಷವೂ ಉಪಯೋಗಿಸಬೇಕೆಂಬ ಮನಸ್ಸು. “ಈ ಮೂರರಲ್ಲಿ ವಿಶಾಲವಾದುದು ಯಾವುದು? ತಾವೇ ತೀರ್ಪು ಕೊಡಿರಿ, ತಾವು ಹೇಳಿದ್ದನ್ನು ಮೂವರೂ ಕೇಳುತ್ತೇವೆಂದು ಒಪ್ಪಿಕೊಂಡಿದ್ದೇವೆ” ಎಂದು ಪತ್ರ ಮುಗಿಯುತ್ತದೆ.

ತೀರ್ಪು ಕೊಡುವಷ್ಟು ದೊಡ್ಡವನು ನಾನಲ್ಲ. ಆದರೂ ತಿಳಿದಷ್ಟನ್ನು ಬರೆಯುವೆನು.

ಮೊದಲು ಆ ಹೆಸರಿನ ವಿಚಾರ. ಕಾರವಾನ ಎಂಬದು ಮೂಲದಲ್ಲಿ ಪಾರಸಿ ಶಬ್ದ. ದೂರದ ದಾರಿಯಲ್ಲಿ ಒಬ್ಬರಿಗೊಬ್ಬರು ಆಸರೆಯಾಗಿ ಕೂಡಿ ನಡೆಯುವ ಪ್ರಯಾಣಿಕರ ಗುಂಪಿಗೆ ಆ ಹೆಸರು. ಗಾಡಿಗೆ ಆ ಹೆಸರು ಬಂದದ್ದು ತರುವಾಯ. ಇಂಥ ಗುಂಪುಗಳು ನಮ್ಮ ನಾಡಿಗೆ ಹೊಸವಲ್ಲ. ಇದೇ ಮಲಪ್ರಭೆಯ ದಂಡೆಯ ಐಹೊಳೆಯಿಂದ ಹೆಸರು ಪಡೆದ ಅಯ್ಯಾವೊಳೆಯ ಐನೂರ್ವರೆಂಬ ವರ್ತಕರು ನಾಡಿನಿಂದ ನಾಡಿಗೆ ಸರಕು ಸಾಗಿಸುತ್ತಿದ್ದರು. ಲಂಬಾಣಿಗರು ಹೇರೆತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಹೆಂಡಿರು ಮಕ್ಕಳ ಸಹಿತವಾಗಿ ತಿಂಗಳುಗಟ್ಟಲೆ ನಡೆಯುತ್ತಿದ್ದರು. ಇವರಿಗೆಲ್ಲ ಮನೆಯೆಂದರೆ ಜೊತೆಯ ಜನ. ಬಂಡಿ ಎತ್ತುಗಳು ಸಾಮಾನಿಗೆ ಮಾತ್ರ.

ಸುಖಕ್ಕಾಗಿ ಗಾಲಿಯ ಮೇಲೆ ಮನೆ ಕಟ್ಟಿಸಿಕೊಂಡು ತಿರುಗುವ ಹವ್ಯಾಸವು ಬೆಳೆದದ್ದು ವಿಲಾಯತಿಯಲ್ಲಿ. ೧೮೮೫ರಲ್ಲಿ ಗಾರ್ಡನ್ ಸ್ಟೇಬಲ್ಸ ಎಂಬ ವೈದ್ಯನು ಬ್ರಿಸ್ಟಲ್ಲಿನ ಕಾರಖಾನೆಯಲ್ಲಿ ‘ವಾಂಡರರ್’ ಎಂಬ ಮನೆಬಂಡಿಯನ್ನು ಮಾಡಿಸಿಕೊಂಡು, ಎರಡು ಕುದುರೆ ಹೂಡಿ, ಇಂಗ್ಲಂಡಿನ ದಕ್ಷಿಣದಿಂದ ಸ್ಕಾಟ್ಲಂಡಿನ ಇನ್ವರ್ನೆಸ್ಸಿನ ವರೆಗೆ ಹೋದನು. ನೋಡಲು ಅದೊಂದು ಪುಟ್ಟ ಬಂಗಲೆಯಂತಿತ್ತು. ಆದರೆ ಆ ಬಂಗಲೆಯ ತೂಕ ಸುಮಾರು ಎರಡು ಟನ್ನು. ಒಡೆಯನೋ ಒಬ್ಬನೇ, ಜೊತೆಗೆ ಆಳುಗಳು. ಇದನ್ನೇಕೆ ಹೇಳಿದೆನೆಂದರೆ, ಮನೆಬಂಡಿ ಎಂಬದು ಹುಟ್ಟಿದ್ದೇ ಕಡಿಮೆ ಜನರ ಹೆಚ್ಚು ಸುಖಕ್ಕಾಗಿ. ೧೪ ಮಂದಿಯ ತುಂಬಿದ ಸಂಸಾರಕ್ಕೆ ಅದೇ ಅಳತೆ ಸಾಗುವದೇ ಎಂದು ಮೊದಲು ಕೇಳಿಕೊಳ್ಳಬೇಕು.

ಇನ್ನು ನಮ್ಮ ಹಿರಿಯರ ರೀತಿಯನ್ನು ನೆನೆಯೋಣ. ಹೊಲಕ್ಕೆ ಗೊಬ್ಬರ ಹೊರುವ ಚಕ್ಕಡಿಯೇ ಹುಣ್ಣಿವೆ ಹತ್ತಿರ ಬಂದಂತೆ ಮೈತೊಳೆದುಕೊಳ್ಳುತ್ತಿತ್ತು. ಬಿದಿರಿನ ಕಮಾನು ಕಟ್ಟಿ, ಮೇಲೆ ಹೊದಿಕೆ ಹಾಕಿದರೆ ಕೊಲ್ಲಾರಿಯಾಯಿತು. ಕೆಳಗೆ ಕಣಿಕೆ ಹಾಸಿ, ಅದರ ಮೇಲೆ ಕೌದಿ, ಜಮಖಾನೆ. ಗಾಲಿಗೆ ಎಣ್ಣೆ ಬಿಟ್ಟು, ಕೀಲು ನೋಡಿ, ಎತ್ತುಗಳ ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ ಹೊರಡುತ್ತಿದ್ದರು. ಒಳಗೆ ಮುದುಕಿಯರು, ಬಾಣಂತಿಯರು, ಕೂಸುಗಳು. ಮಿಕ್ಕವರು ಬಂಡಿಯ ಹಿಂದೆ ಮುಂದೆ ‘ಉಧೋ ಉಧೋ’ ಎನ್ನುತ್ತ ಕಾಲುನಡಿಗೆ. ಕಾಳು-ಕಡಿ, ಪಾತ್ರೆ, ಎತ್ತಿನ ಮೇವು ಬೇರೊಂದು ಚಕ್ಕಡಿಯಲ್ಲಿ. ಮುಳುಗುವ ಹೊತ್ತಿಗೆ ಮರದ ನೆರಳೋ ಕೆರೆಯ ದಂಡೆಯೋ ಸಿಕ್ಕಲ್ಲಿ ನೊಗ ಇಳಿಸಿ, ಮೂರು ಕಲ್ಲು ಹೂಡಿ ಒಲೆ ಹೊತ್ತಿಸಿದರೆ ಸಂಸಾರ ಸುರುವಾಯಿತು. ಬಂಡಿಯ ಕೆಳಗೊಂದು ಕೋಣೆ, ಬಂಡಿಯ ಪಕ್ಕಕ್ಕೊಂದು ಪಡಸಾಲೆ, ಬಂಡಿಯೊಳಗೆ ಒಂದು ಬಾಣಂತಿ ಕೋಣೆ! ಹೀಗೆ ಒಂದೇ ಬಂಡಿ ಇಪ್ಪತ್ತು ಮಂದಿಗೆ ಸಾಲುತ್ತಿತ್ತು. ಸಾಲಿದ್ದು ಯಾಕೆ? ಎಲ್ಲರೂ ಅದರೊಳಗೇ ಇರಬೇಕೆಂದು ಯಾರೂ ಹಟ ಹಿಡಿಯುತ್ತಿರಲಿಲ್ಲ. ಗುಡ್ಡದ ಮೇಲೆ ಇಂದಿಗೂ ಟ್ರ್ಯಾಕ್ಟರು, ಬಸ್ಸುಗಳ ನಡುವೆ ಇಂಥ ಬಂಡಿಗಳನ್ನು ಕಾಣಬಹುದು. ಕಂಡಾಗ ನಿಂತು ನೋಡಿರಿ, ಕಲಿಯುವದು ಬಹಳವಿದೆ.

ಇದರಿಂದ ತಿಳಿಯುವದೇನಂದರೆ, ಗಾಡಿಯ ವಿಶಾಲತೆಯನ್ನು ಅಳೆಯುವಾಗ ಎರಡು ಲೆಕ್ಕಗಳನ್ನು ಬೇರೆ ಬೇರೆ ಹಿಡಿಯಬೇಕು. ಓಡುವಾಗ ಕೂಡ್ರುವ ಲೆಕ್ಕ ಒಂದು, ನಿಂತಾಗ ಮಲಗುವ ಲೆಕ್ಕ ಇನ್ನೊಂದು. ಇವೆರಡನ್ನೂ ಒಂದೇ ಗಾಡಿಯಿಂದ ತೀರಿಸಲು ಹೋದವರು ಎರಡರಲ್ಲಿಯೂ ತೊಂದರೆ ಪಡುವರು.

ಮಲಗುವ ಲೆಕ್ಕವನ್ನು ಮೊದಲು ನೋಡೋಣ. ಬೆಳೆದ ಮನುಷ್ಯನಿಗೆ ಕೈಕಾಲು ಚಾಚಿ ಮಲಗಲು ೬ ಫೂಟು ಉದ್ದ, ೨ ಫೂಟು ಅಗಲ ಬೇಕು. ಅಂದರೆ ೧೨ ಚದರ ಫೂಟು. ಹದಿನಾಲ್ವರಿಗೆ ೧೬೮ ಚದರ ಫೂಟಾಯಿತು. ಟ್ರ್ಯಾಕ್ಟರಿನ ಟ್ರೇಲರು ೧೨ ಫೂಟು ಉದ್ದ, ೬ ಫೂಟು ಅಗಲವಿದ್ದರೆ ೭೨ ಚದರ ಫೂಟು. ಆರು ಮಂದಿ ಮಲಗಬಹುದು. ದೊಡ್ಡ ವ್ಯಾನಿನ ಒಳಹಾಸು ೧೪ ಫೂಟಿಗೆ ೬ ಫೂಟು ಎಂದು ಹಿಡಿದರೂ ೮೪ ಚದರ ಫೂಟು, ಏಳು ಮಂದಿ. ಅದೂ ಒಲೆ, ಕಪಾಟು, ನೀರಿನ ಪೀಪಾಯಿ ಒಂದೂ ಇಲ್ಲದಿದ್ದರೆ. ಬಾಡಿಗೆಯ ಮೋಟಾರು ಮನೆಗಳಲ್ಲಿ ಸ್ನಾನಕ್ಕೂ ಶೌಚಕ್ಕೂ ಅಡಿಗೆಗೂ ಜಾಗ ಕೊಟ್ಟ ಬಳಿಕ ಉಳಿಯುವ ಹಾಸಿಗೆಗಳು ನಾಲ್ಕೈದು. ಮಕ್ಕಳು ಚಿಕ್ಕವರು, ಒತ್ತಿಕೊಂಡು ಮಲಗುವರೆಂದರೂ ಯಾವುದೂ ಹದಿನಾಲ್ವರಿಗೆ ಸಾಲುವದಿಲ್ಲ.

ಇದಕ್ಕೆ ಪ್ರತಿಯಾಗಿ ಪೇಟೆಯಲ್ಲಿ ಸಿಕ್ಕುವ ೧೮ ಫೂಟು ಅಗಲ, ೨೪ ಫೂಟು ಉದ್ದದ ಒಂದು ತಾಡಪತ್ರಿಯನ್ನು ನೋಡಿರಿ. ಅದರ ಹರವು ೪೩೨ ಚದರ ಫೂಟು. ಇಳಿಜಾರಾಗಿ ಕಟ್ಟುವದರಲ್ಲಿ ಕಾಲುಪಾಲು ಹೋಯಿತೆಂದರೂ ೩೨೪ ಉಳಿಯುತ್ತದೆ. ಹದಿನಾಲ್ವರು ಮಲಗಿ, ಗಂಟುಮೂಟೆ ಇಟ್ಟು, ನಡುವೆ ಸೀರೆಯ ಮರೆ ಕಟ್ಟಿದರೂ ನಡೆದಾಡಲು ದಾರಿಯುಂಟು. ನಮ್ಮ ಹಿರಿಯರು ಬಂಡಿಯ ಪಕ್ಕಕ್ಕೆ ಪಡಸಾಲೆ ಹೂಡಿದ್ದು ಈ ಲೆಕ್ಕ ತಿಳಿದೇ.

ಲೆಕ್ಕದ ಮೇಲೆ ನಂಬಿಕೆ ಬಾರದವರು ಒಂದು ಪರೀಕ್ಷೆ ಮಾಡಬಹುದು. ಅಂಗಳದಲ್ಲಿ ಸುಣ್ಣದಿಂದ ಗಾಡಿಯ ಅಳತೆಯ ಗೆರೆ ಎಳೆಯಿರಿ. ಒಲೆಯ ಜಾಗ, ಬಾಗಿಲಿನ ಜಾಗ, ಸಾಮಾನಿನ ಜಾಗ ಇವುಗಳನ್ನೂ ಗುರುತಿಸಿರಿ. ರಾತ್ರಿ ಊಟವಾದ ಮೇಲೆ ಮನೆಯವರೆಲ್ಲರೂ ಆ ಗೆರೆಯೊಳಗೆ ಮಲಗಿ ನೋಡಿರಿ. ನಡುರಾತ್ರಿಯಲ್ಲಿ ಮುದುಕಿ ಎದ್ದು ಹೊರಗೆ ಹೋಗಬೇಕಾದರೆ ಎಷ್ಟು ಮಂದಿಯನ್ನು ದಾಟಬೇಕಾಗುವದು ಎಂಬದನ್ನು ಎಣಿಸಿರಿ. ಜಾಹೀರಾತಿನ ಚಿತ್ರ ನೂರು ಸಲ ನೋಡಿದರೂ ತಿಳಿಯದ ಸಂಗತಿ ಗೆರೆಯೊಳಗೆ ಒಂದೇ ಸಲ ಮಲಗಿದರೆ ತಿಳಿದುಬಿಡುವದು.

ಇನ್ನು ಒಂದೊಂದನ್ನಾಗಿ ವಿಚಾರಿಸುವೆನು.

ಟ್ರ್ಯಾಕ್ಟರಿನ ಮಾತು ಬಂದಾಗ ನನ್ನ ಮನೆಯ ಒಂದು ಸಂಗತಿಯನ್ನು ಹೇಳದೆ ಗತಿಯಿಲ್ಲ. ಕೆಲವು ವರುಷಗಳ ಹಿಂದೆ ನಮ್ಮ ಬಳಗದ ೨೨ ಮಂದಿ ಬಾಡಿಗೆಯ ಟ್ರ್ಯಾಕ್ಟರು ಹೂಡಿಕೊಂಡು ಇದೇ ಗುಡ್ಡಕ್ಕೆ ಹೊರಟಿದ್ದೆವು. ದಾರಿಯಲ್ಲಿ ಒಂದು ಇಳಕಲು ಬಂದಿತು. ನನ್ನ ಚಿಗವ್ವ, ಅರವತ್ತು ದಾಟಿದಾಕೆ, “ತಮ್ಮಾ, ಇಳಕಲ ಐತಿ, ಇಳಿದ ನಡೀತೀನಿ. ನಮ್ಮ ಕಾಲಕ್ಕ ಇಳಕಲದಾಗ ಬಂಡ್ಯಾಗ ಯಾರೂ ಕುಂಡ್ರತಿರಲಿಲ್ಲ” ಎಂದಳು. ನಾವೆಲ್ಲ ನಕ್ಕೆವು. ನಕ್ಕವರಲ್ಲಿ ನಾನೇ ಮೊದಲಿಗ. “ಚಿಗವ್ವಾ, ಇದಕ್ಕೇನು ಎತ್ತಿನ ಹೆಗಲ ನೋಯ್ತದೇನು?” ಎಂದೆ. ಎದುರಿಗೆ ಕುರಿಹಿಂಡು ಬಂದಿತು. ಚಾಲಕನು ಗಕ್ಕನೆ ತಡೆದನು. ಮುಂದಿನ ಯಂತ್ರ ನಿಂತಿತು, ಹಿಂದಿನ ಭಾರ ನಿಲ್ಲಲಿಲ್ಲ. ಟ್ರೇಲರು ಟ್ರ್ಯಾಕ್ಟರನ್ನು ನೂಕಿ, ಅಡ್ಡ ತಿರುಗಿ, ಒಂದು ಗಾಲಿ ತಗ್ಗಿಗೆ ಇಳಿದು ವಾಲಿತು. ದೈವ ದೊಡ್ಡದು, ಜೀವ ಹೋಗಲಿಲ್ಲ. ಚಿಗವ್ವನ ಬಲಮುಂಗೈ ಮುರಿಯಿತು. ಆ ಕೈ ಆಮೇಲೆ ರೊಟ್ಟಿ ಬಡಿಯಲಿಲ್ಲ. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಆಕೆಯ ಮನೆಗೆ ಹೋದಾಗಲೆಲ್ಲ ನನ್ನ ಕಣ್ಣು ಆ ಕೈಯ ಮೇಲೆಯೇ ಬೀಳುತ್ತದೆ.

ಚಿಗವ್ವ ಹೇಳಿದ್ದರಲ್ಲಿ ಶಾಸ್ತ್ರವಿತ್ತು. ಬಹಳಷ್ಟು ಟ್ರೇಲರುಗಳಿಗೆ ಸ್ವಂತ ಬ್ರೇಕು ಇರುವದಿಲ್ಲ. ಇಳಕಲಿನಲ್ಲಿ ಹಿಂದಿನ ಭಾರವೆಲ್ಲ ಮುಂದಿನ ಯಂತ್ರದ ಮೇಲೆ ಬೀಳುತ್ತದೆ. ಎತ್ತಿನ ಹೆಗಲ ಮೇಲೆ ಬೀಳುತ್ತಿದ್ದಂತೆಯೇ. ಮೇಲಾಗಿ ಕಾಳಿನ ಚೀಲಗಳು ಬಿಗಿದು ಕಟ್ಟಿದಲ್ಲಿ ಇರುವವು, ಜನ ಹಾಗಿರುವರೇ? ಒಂದು ಕಡೆ ಏನಾದರೂ ಕಂಡರೆ ಎಲ್ಲರೂ ಅದೇ ಕಡೆಗೆ ವಾಲುವರು. ಟ್ರೇಲರು ಸರಕಿನ ಸಾಧನ. ಜನರನ್ನು ಸಾಗಿಸಲು ಅದಕ್ಕೆ ಪರವಾನಿಗೆ ಇಲ್ಲ. ಅನಾಹುತವಾದರೆ ವಿಮೆಯ ಹಣಕ್ಕೂ ಕಷ್ಟ. “ಎಲ್ಲಾರೂ ಹೋಗ್ತಾರಲ್ಲ” ಎಂಬ ಮಾತು ನಿಜವೇ. ಎಲ್ಲರೂ ಹೋಗುವರು, ಎಲ್ಲರೂ ತಿರುಗಿ ಬರುವದಿಲ್ಲ ಎಂಬದೂ ಪ್ರತಿ ವರುಷ ವರ್ತಮಾನಪತ್ರಿಕೆ ಓದುವವರಿಗೆ ತಿಳಿದ ಸಂಗತಿ. ಐದು ತಿಂಗಳ ಗರ್ಭಿಣಿಯನ್ನು ಅದರಲ್ಲಿ ಕೂಡಿಸುವ ವಿಚಾರವನ್ನಂತೂ ಈ ಕ್ಷಣಕ್ಕೇ ಬಿಡಬೇಕು. ವಿಲಾಯತಿಯ ಮಾದರಿಯಂತೆ ಕಾರಿನ ಹಿಂದೆ ಎಳೆಯುವ ಮನೆಬಂಡಿಗೂ ಇದೇ ನ್ಯಾಯ. ಅದು ಓಡುತ್ತಿರುವಾಗ ಅದರೊಳಗೆ ಜನರು ಕೂಡ್ರುವದು ಬ್ರಿಟನ್ನಿನಲ್ಲಿ ಕಾಯಿದೆಗೆ ವಿರುದ್ಧವಾಗಿದೆ.

ಎರಡನೆಯದು, ಹಳೆಯ ವ್ಯಾನನ್ನು ಕೊಂಡು ಮನೆ ಮಾಡಿಸುವ ವಿಚಾರ. ಪತ್ರಕರ್ತರ ಮನಸ್ಸು ನನಗೆ ತಿಳಿಯುತ್ತದೆ. ಮನೆಯೊಂದು ಒಡೆಯುತ್ತಿರುವಾಗ ಮತ್ತೊಂದು ಮನೆಯನ್ನು, ಗಾಲಿಯ ಮೇಲಾದರೂ ಸರಿ, ಕಟ್ಟಬೇಕೆಂಬ ಆಸೆ ಅದು. ಆದರೆ ಇಲ್ಲಿ ಮೂರು ತೊಡಕುಗಳಿವೆ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿ ಬರೆದ ವಿವರಕ್ಕೆ ಭಿನ್ನವಾಗುವಂತೆ ಒಡೆಯನು ವಾಹನದ ರಚನೆಯನ್ನು ತನ್ನಷ್ಟಕ್ಕೆ ತಾನೇ ಬದಲಿಸುವಂತಿಲ್ಲ. ಆಸನ ಕಿತ್ತು ಮಂಚ ಹೂಡುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಲೇಬೇಕು.

ಎರಡನೆಯ ತೊಡಕು ತೂಕದ್ದು. ನೋಂದಣಿ ಪತ್ರದಲ್ಲಿ ಬರಿಗಾಡಿಯ ತೂಕವನ್ನೂ ಭಾರ ಸಹಿತವಾದ ಗರಿಷ್ಠ ತೂಕವನ್ನೂ ಬರೆದಿರುತ್ತಾರೆ. ಇವೆರಡರ ಅಂತರವೇ ನೀವು ಹೇರಬಹುದಾದ ಭಾರ. ಈ ಮನೆಯ ಲೆಕ್ಕ ಹಾಕೋಣ. ದೊಡ್ಡವರು ೮ ಮಂದಿ, ತಲೆಗೆ ೬೦ ಕಿಲೊದಂತೆ ೪೮೦. ಮಕ್ಕಳು ೬, ತಲೆಗೆ ೩೦ರಂತೆ ೧೮೦. ಒಂದು ಲೀಟರು ನೀರು ಒಂದು ಕಿಲೊ ತೂಗುತ್ತದೆ. ೨೦೦ ಲೀಟರಿನ ಪೀಪಾಯಿ ತುಂಬಿದರೆ ೨೦೦ ಕಿಲೊ. ಹಾಸಿಗೆ, ಪಾತ್ರೆ, ಜೋಳದ ಹಿಟ್ಟು, ಬೇಳೆ-ಬೆಲ್ಲ ೨೦೦ ಎಂದರೆ ಹೆಚ್ಚಲ್ಲ. ಒಟ್ಟು ೧,೦೬೦ ಕಿಲೊ, ಒಂದು ಟನ್ನಿಗೂ ಮೇಲು. ಬಡಿಗನು ಹೂಡುವ ಕಟ್ಟಿಗೆ ಕಬ್ಬಿಣ ಇದರ ಹೊರಗೆ. ಭಾರ ಹೆಚ್ಚಾದಷ್ಟೂ ಗಾಡಿ ನಿಲ್ಲಲು ಹೆಚ್ಚು ದಾರಿ ಬೇಕು. ಮಾಳಿಗೆಯ ಮೇಲೆ ಹೇರಿದರೆ ತಿರುವಿನಲ್ಲಿ ವಾಲುವದು. ಮುಂಭಾರವಾದರೆ ಎತ್ತಿನ ಹೆಗಲು ನೋಯುವದೆಂದೂ ಹಿಂಭಾರವಾದರೆ ನೊಗ ಮೇಲೆದ್ದು ಕೊರಳು ಬಿಗಿಯುವದೆಂದೂ ಬಲ್ಲ ಒಕ್ಕಲಿಗರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯ ತೊಡಕು ಬೆಂಕಿಯದು. ಮುಚ್ಚಿದ ಗಾಡಿಯಲ್ಲಿ ಒಲೆಯನ್ನಾಗಲಿ, ಚಳಿಯೆಂದು ಕೆಂಡದ ಅಗ್ಗಿಷ್ಟಿಗೆಯನ್ನಾಗಲಿ ಇಟ್ಟು ಮಲಗಬಾರದು. ಕೆಂಡದಿಂದ ಹೊರಡುವ ಇಂಗಾಲದ ಮೋನಾಕ್ಸೈಡ ವಾಯುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವದಿಲ್ಲ. ಗುಡ್ಡದ ಮೇಲೆ ಮಾಘದ ರಾತ್ರಿಯ ಗಾಳಿ ತಂಪಾಗಿರುವದರಿಂದ ಈ ಎಚ್ಚರ ಬೇಕೇಬೇಕು. ಅಡಿಗೆಯನ್ನು ಹೊರಗೆ, ಗಾಳಿಗೆ ಮರೆಕಟ್ಟಿ ಮಾಡಿರಿ.

ಮೂರನೆಯದು ಬಾಡಿಗೆಯ ಮೋಟಾರು ಮನೆ. ಇದನ್ನು ನಾನು ಹಗುರವಾಗಿ ಕಾಣುವವನಲ್ಲ. ನೆರೆಯ ಕೇರಳದ ಸರಕಾರವು ೨೦೨೧ರಲ್ಲಿ ‘ಕೆರವಾನ್ ಕೇರಳ’ ಎಂಬ ಯೋಜನೆಯನ್ನೇ ಹೊರಡಿಸಿತು. ಗಂಡಹೆಂಡಿರು, ಇಬ್ಬರು ಮಕ್ಕಳು ಇಂಥ ಚಿಕ್ಕ ಸಂಸಾರಕ್ಕೆ ಇದು ಸುಖವಾದ ಸಾಧನ. ಹೆಣ್ಣುಮಕ್ಕಳಿಗೆ ಶೌಚದ ಮರ್ಯಾದೆ ದೊರೆಯುವದು ಇದರ ದೊಡ್ಡ ಗುಣ. ಜಾತ್ರೆಗಳಲ್ಲಿ ಅವರು ಪಡುವ ಪಾಡನ್ನು ಗಂಡಸರು ಎಣಿಸುವದೇ ಇಲ್ಲ. ಆದರೆ ಬಾಡಿಗೆ ಮಾತಾಡುವ ಮೊದಲು ಇಷ್ಟನ್ನು ಕೇಳಿರಿ: ಕೂಡ್ರುವ ಆಸನ ಎಷ್ಟು, ಮಲಗುವ ಹಾಸಿಗೆ ಎಷ್ಟು? ಪ್ರತಿ ಆಸನಕ್ಕೂ ಪಟ್ಟಿ ಉಂಟೇ? ನೀರಿನ ತೊಟ್ಟಿ ಎಷ್ಟು ಲೀಟರಿನದು, ಎಲ್ಲಿ ತುಂಬಿಸುವದು? ಶೌಚದ ತೊಟ್ಟಿಯನ್ನು ಯಾರು, ಎಲ್ಲಿ ಖಾಲಿ ಮಾಡುವರು? ರಾತ್ರಿ ವಿದ್ಯುತ್ತು ಎಲ್ಲಿಂದ? ಚಾಲಕನ ಊಟ-ವಸತಿ ಯಾರದು? ಹುಣ್ಣಿವೆಯ ದಿನ ಲಕ್ಷಾಂತರ ಜನರ ನಡುವೆ ಇಷ್ಟು ದೊಡ್ಡ ಗಾಡಿಯನ್ನು ನಿಲ್ಲಿಸುವದೆಲ್ಲಿ? ಕಡೆಯದಾಗಿ, ಅದರಲ್ಲಿ ಇರುವ ಹಾಸಿಗೆ ನಾಲ್ಕೈದೆಂದರೆ, ಒಳಗೆ ಮಲಗುವವರು ಯಾರು, ಹೊರಗೆ ಮಲಗುವವರು ಯಾರು? ತಂದವನ ಹೆಂಡಿರು ಮಕ್ಕಳು ಒಳಗೆ, ಉಳಿದವರು ಹೊರಗೆ ಎಂದಾದರೆ, ಪಾಲು ಗುಡ್ಡದ ಮೇಲೆಯೇ ಆಗಿಹೋಯಿತೆಂದು ತಿಳಿಯಿರಿ.

ಹಾಗಾದರೆ ನಾನು ಹೇಳುವದೇನು? ಕೂಡ್ರುವ ಲೆಕ್ಕಕ್ಕೆ ಜನರನ್ನು ಸಾಗಿಸುವ ಪರವಾನಿಗೆಯುಳ್ಳ ೧೭ ಆಸನದ ಒಂದು ಟೆಂಪೊವನ್ನು ಹೇಳಿರಿ. ಹದಿನಾಲ್ವರೂ ಒಂದೇ ಗಾಡಿಯಲ್ಲಿ, ತಲೆಗೊಂದು ಆಸನದಂತೆ ಕೂಡ್ರುವರು. ತಾಯಿಯ ಮಾತೂ ನಡೆಯುವದು. ಮೆಟ್ಟಲು ನೆಲದಿಂದ ಎತ್ತರವಿದ್ದರೆ ಕಾಲಿಡಲು ಒಂದು ಮಣೆ ಇಟ್ಟುಕೊಳ್ಳಿರಿ. ಗರ್ಭಿಣಿಗೂ ತಾಯಿಗೂ ಗಾಲಿಯ ಮೇಲಿನ ಆಸನ ಬೇಡ, ಕುಕ್ಕು ಹೆಚ್ಚು; ನಡುವಿನವು ಇರಲಿ. ವೈದ್ಯರ ಅಪ್ಪಣೆ ಕೇಳಿಯೇ ಕಿರಿಯ ಸೊಸೆಯನ್ನು ಕರೆದೊಯ್ಯಿರಿ.

ಮಲಗುವ ಲೆಕ್ಕಕ್ಕೆ ತಾಡಪತ್ರಿ, ಗಳ, ಹಗ್ಗ, ಗೂಟ. ಇವನ್ನೂ ಕಾಳು-ಕಡಿ, ನೀರು, ಕಟ್ಟಿಗೆ, ತಾಯಿಗೊಂದು ಮಡಚುವ ಮಂಚ ಇವುಗಳನ್ನೂ ನಡುವಿನ ತಮ್ಮನು ತನ್ನ ಟ್ರ್ಯಾಕ್ಟರಿನಲ್ಲಿ ಒಂದು ದಿನ ಮುಂಚಿತವಾಗಿ ಒಯ್ಯಲಿ. ಟ್ರೇಲರಿನಲ್ಲಿ ಸಾಮಾನಿನ ಹೊರತು ಯಾರೂ ಬೇಡ. ಹೋಗಿ ಸಮತಟ್ಟಾದ ಜಾಗ ನೋಡಿ ಬಿಡಾರ ಕಟ್ಟಿಟ್ಟಿರಲಿ. ಕಿರಿಯ ತಮ್ಮನು ಮೋಟಾರು ಮನೆಗೆ ಕೊಡಲಿದ್ದ ಹಣದಲ್ಲಿ ಟೆಂಪೊದ ಬಾಡಿಗೆ ಕೊಟ್ಟು, ಹೆಣ್ಣುಮಕ್ಕಳ ಸ್ನಾನ ಶೌಚಗಳಿಗಾಗಿ ಎರಡು ರಾತ್ರಿಯಾದರೂ ವಸತಿಗೃಹದಲ್ಲಿ ಒಂದು ಕೋಣೆಯನ್ನು ಮೊದಲೇ ಗೊತ್ತುಮಾಡಲಿ. ಹಿರಿಯರು ಮನೆ ಕಟ್ಟುವ ತಮ್ಮ ಆಸೆಯನ್ನು ಬಿಡಾರದ ಒಪ್ಪ ಓರಣದಲ್ಲಿ ತೀರಿಸಿಕೊಳ್ಳಲಿ. ಹೀಗೆ ಮೂವರ ಮಾತಿನಲ್ಲಿಯೂ ಒಂದೊಂದು ಪಾಲು ಉಳಿಯುವದು.

ದಾರಿಯ ವಿಷಯದಲ್ಲಿ ಎರಡು ಮಾತು. ಹುಣ್ಣಿವೆಯ ದಿನವೇ ಹೊರಡಬೇಡಿರಿ; ಎರಡು ದಿನ ಮೊದಲು ಹೊರಟು ಸೊಗಲದ ಸೋಮೇಶ್ವರನಲ್ಲಿ ಬುತ್ತಿ ಬಿಚ್ಚಿರಿ. ಕಟಕರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗಳಿದ್ದರೆ ದಾರಿಯಲ್ಲಿ ಒಲೆಯ ಹಂಗಿಲ್ಲ. ಪದ್ಧತಿಯಂತೆ ಜೋಗುಳಬಾವಿಯಲ್ಲಿ ಮಿಂದು ಸತ್ಯವ್ವನ ದರ್ಶನ ಮಾಡಿಕೊಂಡು ಗುಡ್ಡಕ್ಕೆ ಹೋಗುವಾಗ ಅವಸರ ಬೇಡ. ಮಕ್ಕಳ ಜೇಬಿನಲ್ಲಿ ಹೆಸರು, ಊರು, ಫೋನಿನ ಅಂಕೆ ಬರೆದ ಚೀಟಿ ಇರಲಿ. ಕುಡಿಯುವ ನೀರನ್ನು ಕಾಯಿಸಿ ಆರಿಸಿರಿ.

ಇನ್ನೊಂದು ಮಾತು, ಕೇಳದಿದ್ದರೂ ಹೇಳುವೆನು. ಪತ್ರದಲ್ಲಿ ಮೂವರು ಗಂಡಸರ ಅಭಿಪ್ರಾಯವಿದೆ. ನಾಲ್ಕು ದಿನ ರೊಟ್ಟಿ ಬಡಿಯುವವರು, ಮಕ್ಕಳನ್ನು ಸಂಬಾಳಿಸುವವರು, ಸೀರೆಯ ಮರೆಯಲ್ಲಿ ಮೀಯುವವರು ಏನನ್ನುವರು? ಆ ಅಕ್ಕನನ್ನು ಯಾರಾದರೂ ಕೇಳಿದರೇ? ತಾಯಿ ‘ಒಂದ ಬಂಡಿ’ ಎಂದದ್ದು ಯಾವ ಅರ್ಥದಲ್ಲಿ ಎಂದು ಆಕೆಯನ್ನೇ ಕೇಳಿದಿರಾ? ಗಾಡಿ ಗೊತ್ತುಮಾಡುವ ಮೊದಲು ಒಂದು ರಾತ್ರಿ ಎಲ್ಲರೂ ಕೂಡಿ ಕುಳಿತು ಕೇಳಿರಿ. ಖರ್ಚಿನಲ್ಲಿ ಯಾರದೆಷ್ಟು ಎಂಬದನ್ನು ಹೊರಡುವ ಮುಂಚೆ ಕಾಗದದ ಮೇಲೆ ಬರೆಯಿರಿ. ಪಾಲಿನ ಮಾತನ್ನು ಮಾತ್ರ ತಿರುಗಿ ಬಂದು ಕಾಲು ತೊಳೆಯುವ ವರೆಗೆ ಯಾರೂ ಎತ್ತಕೂಡದು.

ಇಷ್ಟನ್ನು ಮೊದಲು ಅವರಿಗೆ ಖಾಸಗಿಯಾಗಿ ಬರೆದು ಕಳಿಸಿದ್ದೆನು. ಈ ಲೇಖನವು ಅಚ್ಚಿಗೆ ಹೋಗುವಷ್ಟರಲ್ಲಿ ಅವರ ಮರುಪತ್ರ ಬಂದಿತು. ಅಂಗಳದಲ್ಲಿ ಸುಣ್ಣದ ಗೆರೆ ಎಳೆದರಂತೆ. ಮೊದಲು ಮಲಗಿದವಳು ತಾಯಿಯೇ, ಕೋಲನ್ನು ಪಕ್ಕಕ್ಕಿಟ್ಟುಕೊಂಡು. ಆಮೇಲೆ ಮೊಮ್ಮಕ್ಕಳು ಮುಗಿಬಿದ್ದರು. ಹತ್ತನೆಯವರು ಬರುವಷ್ಟರಲ್ಲಿ ನಡುವಿನ ತಮ್ಮನ ಕಾಲು ಗೆರೆಯ ಹೊರಗೆ, ಕಿರಿಯವನ ತಲೆ ಗೆರೆಯ ಹೊರಗೆ. ಯಾರೋ ನಕ್ಕರು, ಎಲ್ಲರೂ ನಕ್ಕರು. “ಆ ಅಂಗಳದಾಗ ನಾವು ಮೂವರೂ ಕೂಡಿ ನಕ್ಕು ವರ್ಷದ ಮ್ಯಾಲಾಗಿತ್ತು” ಎಂದು ಬರೆದಿದ್ದಾರೆ. ತಾಯಿಯನ್ನು ಕೇಳಿದರೆ, “ನನಗ ಬಂಡಿ ಯಾವದಾದ್ರೇನು! ಗುಡ್ಡ ಕಾಣೂಹಂಗ ಖಿಡಕಿ ಕಡೆ ಕುಂಡ್ರಸ್ರಿ. ಒಳಗ ತಿರುಗಿ ನೋಡಿದ್ರ ನೀವು ಎಲ್ಲಾರೂ ಕಾಣಬೇಕು” ಎಂದಳಂತೆ.

ಪಾಲು ಆಗುವದೋ ನಿಲ್ಲುವದೋ ಅದು ಅವರ ಮನೆಯ ಮಾತು. ಟೆಂಪೊ ಮಾತ್ರ ಗೊತ್ತಾಗಿದೆ. ಖಿಡಕಿಯ ಪಕ್ಕದ ಒಂದು ಆಸನಕ್ಕೆ ಹೆಸರು ಬರೆದಾಗಿದೆ.